ಸಂಘದ ಕಂಪ್ಯೂಟರಿನ ನಂದಾದೀಪ

ಆ ದೀಪವನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಅದು ಎಣ್ಣೆ ಬತ್ತಿಯ ದೀಪವಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಚುಕ್ಕೆ, ನಕ್ಷತ್ರ, ಓರೆಗೆರೆಗಳನ್ನು ಜೋಡಿಸಿ ಬರೆದ ದೀಪ. ಅದರ ಜ್ವಾಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗುತ್ತಿತ್ತು, ಬೇರೆ ಏನೂ ಮಾಡುತ್ತಿರಲಿಲ್ಲ. ಅಷ್ಟು ಮಾಡಿಕೊಂಡೇ ಅದು ನನ್ನ ನೌಕರಿ ನುಂಗುವುದರಲ್ಲಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಟಗೇರಿಯಲ್ಲಿ ಹತ್ತಿ ಬೆಳೆಗಾರರ ಸಂಘವೊಂದಿತ್ತು. ಗದಗಿನ ಸುತ್ತಲಿನ ಹಳ್ಳಿಗಳ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ರೈತರು ಅದರ ಸದಸ್ಯರು. ಊರಲ್ಲಿ ಯಾರೂ ಕಂಪ್ಯೂಟರ್ ಕಂಡಿರದ ಹೊತ್ತಿನಲ್ಲಿ ಸಂಘದವರು ಒಂದನ್ನು ತಂದು ಕೂರಿಸಿದ್ದರು. ಯಂತ್ರದ ಪೆಟ್ಟಿಗೆ ಒಂದೇ, ಅದಕ್ಕೆ ತಂತಿ ಎಳೆದು ಜೋಡಿಸಿದ ಪರದೆಗಳು ನಾಲ್ಕು. ನಾಲ್ಕು ಜನ ಕುಳಿತು ಒಂದೇ ಯಂತ್ರದಿಂದ ಕೆಲಸ ತೆಗೆಯಬಹುದಿತ್ತು. ಧೂಳು ಬರುತ್ತದೆಂದು ಕಿಟಕಿ ಸದಾ ಮುಚ್ಚಿರುತ್ತಿತ್ತು, ಆದರೂ ಹಿಂದಿನ ಓಣಿಯ ಮಗ್ಗಗಳ ಸಪ್ಪಳ ಒಳಗೆ ಬರುತ್ತಿತ್ತು. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಹೋಗಬೇಕು. ಗುಡಿಯೊಳಗೆ ಹೋದ ಹಾಗೆಯೇ.

ಗುಡಿಯ ರೀತಿನೀತಿ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಲಕ್ಷ್ಮೇಶ್ವರದಲ್ಲಿ ನಮ್ಮದು ತಲೆತಲಾಂತರದಿಂದ ದೇವರ ಸೇವೆಯ ಮನೆತನ. ಅಪ್ಪ ಬೆಳಿಗ್ಗೆ ಪೂಜೆ ಮುಗಿಸಿ ಶಾಲೆಗೆ ಹೋಗಿ ಸಂಸ್ಕೃತ ಹೇಳಿಕೊಡುತ್ತಿದ್ದ. ನಾನು ಗದಗಿನಲ್ಲಿ ಬಿ.ಎಸ್ಸಿ. ಮಾಡಿ, ಹುಬ್ಬಳ್ಳಿಗೆ ಹೋಗಿ ಕಂಪ್ಯೂಟರ್ ಕಲಿತು, ಈ ಸಂಘದಲ್ಲಿ ಪ್ರೋಗ್ರಾಮ್ ಬರೆಯುವ ಕೆಲಸಕ್ಕೆ ಸೇರಿದ್ದೆ. ಸೇರಿದ್ದು ತಾತ್ಪೂರ್ತಿಕವಾಗಿ. ದಿನಾ ಬೆಳಿಗ್ಗೆ ಶಿರಹಟ್ಟಿ ಮೇಲೆ ಬರುವ ಬಸ್ಸು ಹಿಡಿದು, ಹೆಚ್ಚಿನ ದಿನ ನಿಂತುಕೊಂಡೇ ಬರುತ್ತಿದ್ದೆ.

ಯಂತ್ರದ ಕೋಣೆಗೆ ಒಬ್ಬರು ಮೇಲ್ವಿಚಾರಕರಿದ್ದರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ನಾನೂ ಅನ್ನಲೇಬೇಕಿತ್ತು. ಪುಣೆಯಲ್ಲಿ ಅಷ್ಟಿಷ್ಟು ತರಬೇತಿ ಪಡೆದು ಬಂದಿದ್ದ ಇವರು ಜನ್ಮದಲ್ಲಿ ಬರೆದ ಪ್ರೋಗ್ರಾಮ್ ಒಂದೇ, ಆ ದೀಪ. ಯಂತ್ರದ ಉದ್ಘಾಟನೆಯ ದಿನ ಸಂಘದ ಅಧ್ಯಕ್ಷರು ಒಂದು ಗುಂಡಿ ಒತ್ತಿದ್ದರು, ಪರದೆಯ ಮೇಲೆ ದೀಪ ಹೊತ್ತಿಕೊಂಡಿತ್ತು, ಜನ ಚಪ್ಪಾಳೆ ತಟ್ಟಿದ್ದರು. ಅದರ ಫೋಟೋ ಗೋಡೆಯ ಮೇಲಿತ್ತು. ಅಂದಿನಿಂದ ಸಾಹೇಬರು ದಿನಾ ಬೆಳಿಗ್ಗೆ ಯಂತ್ರ ಶುರುಮಾಡಿದ ಕೂಡಲೇ ಊದಿನಕಡ್ಡಿ ಹಚ್ಚಿ, ನಾಲ್ಕನೆಯ ಪರದೆಯ ಮೇಲೆ ಮೊದಲು ದೀಪ ಉರಿಸಿ, ಕೈಮುಗಿದು, ಆಮೇಲೆ ನಮ್ಮನ್ನು ಒಳಗೆ ಬಿಡುತ್ತಿದ್ದರು. ಅದನ್ನು ನಂದಾದೀಪ ಎಂದು ಕರೆದವರೂ ಅವರೇ. ಆರಿದರೆ ಅಪಶಕುನ, ಆರಬಾರದು ಎಂದು ಕಟ್ಟಪ್ಪಣೆ. ಸಂಜೆ ಆರಕ್ಕೆ ಯಂತ್ರವನ್ನೇ ಬಂದ್ ಮಾಡಿ ಕೀಲಿ ಹಾಕುತ್ತಿದ್ದರಲ್ಲ, ಆಗ ಅದು ಆರುತ್ತಿರಲಿಲ್ಲವೇ? ಕರೆಂಟು ಹೋದಾಗ? ಆಗೆಲ್ಲ ಅಪಶಕುನ ಎಲ್ಲಿ ಹೋಗಿರುತ್ತಿತ್ತೋ ದೇವರಿಗೇ ಗೊತ್ತು. ಕಚೇರಿಯ ವೇಳೆಯಲ್ಲಿ ಮಾತ್ರ ಉರಿಯುವ ನಂದಾದೀಪವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಇನ್ನು ನನ್ನ ಕೆಲಸ. ಹತ್ತಿ ಬಿಡಿಸಿದ ಮೇಲೆ ಯಾವ ಊರಿನ ಯಾವ ರೈತ ಯಾವ ದಿನ ಸಂಘದ ಜಿನ್ನಿಗೆ, ಎಂದರೆ ಬೀಜ ತೆಗೆಯುವ ಗಿರಣಿಗೆ, ಹತ್ತಿ ತರಬೇಕು ಎಂದು ತಿಳಿಸುವ ಪಾಳಿ ಚೀಟಿಗಳನ್ನು ಯಂತ್ರ ಮುದ್ರಿಸುತ್ತಿತ್ತು. ಮುದ್ರಿಸುತ್ತಿದ್ದುದು ಇಂಗ್ಲಿಷಿನಲ್ಲಿ. ಅದನ್ನು ಓದಲಾಗದೆ ಎಷ್ಟೋ ರೈತರು ತಪ್ಪು ದಿನ ಬಂದು, ಚಕ್ಕಡಿಗಳನ್ನು ರಸ್ತೆಯುದ್ದಕ್ಕೆ ನಿಲ್ಲಿಸಿಕೊಂಡು ಒದ್ದಾಡುತ್ತಿದ್ದರು. ಬರುವ ಮಹಾಸಭೆಯ ಹೊತ್ತಿಗೆ ಚೀಟಿ ಕನ್ನಡದಲ್ಲಿ ಬರಬೇಕು ಎಂದು ಅಧ್ಯಕ್ಷರು ಹೇಳಿಕಳಿಸಿದರು. ಮುದ್ರಣ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಒಂದೊಂದು ಅಕ್ಷರವನ್ನೂ ಚುಕ್ಕೆಗಳಲ್ಲಿ ಬಿಡಿಸಿ, ಒತ್ತಕ್ಷರ ಕೆಳಗೆ, ಗುಡಿಸು ಮೇಲೆ ಕೂರುವಂತೆ ನಾನೇ ಬರೆದೆ. ಪ್ರೋಗ್ರಾಮು ಮೊದಲು ಎಲ್ಲ ಊರುಗಳ ಪಾಳಿ ಹೊಂದಿಸಬೇಕು, ಆಮೇಲೆ ಅಕ್ಷರ ಕಟ್ಟಬೇಕು. ಕೊನೆಯ ರೈತನ ಲೆಕ್ಕ ಮುಗಿಯದೆ ಮೊದಲ ರೈತನ ಚೀಟಿಯೂ ಹೊರಗೆ ಬರುವಂತಿರಲಿಲ್ಲ.

ಇದು ಮಹಾಸಭೆಗೆ ಸಿದ್ಧವಾದರೆ ನಾನು ಕಾಯಂ. ಆಗದಿದ್ದರೆ ನನ್ನ ಕುರ್ಚಿಯಲ್ಲಿ ಸಾಹೇಬರ ಅಳಿಯ. ಈ ಮಾತನ್ನು ಅವರು ಬಚ್ಚಿಟ್ಟಿರಲಿಲ್ಲ. "ನಮ್ಮ ಹುಡುಗನೂ ಕಂಪ್ಯೂಟರ್ ಕಲತಾನ. ಮನ್ಯಾಗ ಖಾಲಿ ಕುಂತಾನ" ಎಂದು ನನ್ನ ಮುಂದೆಯೇ ಚಹಾ ಕುಡಿಯುತ್ತ ಹೇಳುತ್ತಿದ್ದರು.

ಈಗ ಪಾಳಿಯ ಮಾತು ಹೇಳಬೇಕು. ರೈತರ ಪಾಳಿಯಲ್ಲ, ಯಂತ್ರದೊಳಗಿನ ಪಾಳಿ. ಆ ಯಂತ್ರಕ್ಕೆ ಮಿದುಳು ಒಂದೇ. ನಾಲ್ಕೂ ಪರದೆಗಳಲ್ಲಿ ಏಕಕಾಲಕ್ಕೆ ಕೆಲಸ ನಡೆದಂತೆ ಕಂಡರೂ ಅದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತನ್ನು ಒಬ್ಬರಿಗೆ ಕೊಟ್ಟು, ಮತ್ತೊಬ್ಬರ ಕಡೆ ಹೊರಳುತ್ತಿತ್ತು. ಯಾರು ಮುಂದೆ, ಯಾರು ಹಿಂದೆ ಎಂಬುದಕ್ಕೆ ಪ್ರತಿ ಪ್ರೋಗ್ರಾಮಿಗೂ ಒಂದು ಅಂಕಿ. ಸೊನ್ನೆ ಎಂದರೆ ಎಲ್ಲರ ಸರಿಸಮ. ಅಂಕಿ ಏರಿದಷ್ಟೂ ಹಿಂದೆ. ಹತ್ತೊಂಬತ್ತು ಎಂದರೆ ಕಟ್ಟಕಡೆ. ಪರದೆಯ ಮುಂದೆ ಯಾರೂ ಕಾದು ಕೂರಬೇಕಿಲ್ಲದ, ತಮ್ಮಷ್ಟಕ್ಕೆ ಹಿಂದೆ ನಡೆಯುವ ದೊಡ್ಡ ಕೆಲಸಗಳಿಗೆ ಹತ್ತೊಂಬತ್ತು ಕೊಡುವುದು ವಾಡಿಕೆ. ಉಳಿದವರು ಸುಮ್ಮನಿದ್ದ ಸಂದಿಯಲ್ಲಿ ಅವು ತಮ್ಮ ಕೆಲಸ ಮಾಡಿಕೊಳ್ಳಬೇಕು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಇದಕ್ಕೆ ಒಳ್ಳೆಯ ನಡತೆ ಎಂಬಂಥ ಹೆಸರಿಟ್ಟಿದ್ದರು. ನಡತೆ ಒಳ್ಳೆಯದಾದಷ್ಟೂ ಹಿಂದೆ ನಿಲ್ಲಬೇಕು. ಇನ್ನೂ ಒಂದು ಕಟ್ಟಳೆ ಇತ್ತು. ತಾನಾಗಿ ಹಿಂದೆ ಸರಿಯುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮುಂದೆ ಬರುವುದಕ್ಕೆ ಮಾತ್ರ ಯಂತ್ರದ ಯಜಮಾನನ ಗುಪ್ತಪದ ಬೇಕು. ಅದು ಸಾಹೇಬರ ಬಳಿ ಇತ್ತು.

ಅವರು ಏನು ಮಾಡಿದ್ದರೆಂದರೆ, ನನ್ನ ಹೆಸರಿನಲ್ಲಿ ಶುರುವಾಗುವ ಯಾವ ಕೆಲಸವಾದರೂ ಹುಟ್ಟುವಾಗಲೇ ಹತ್ತೊಂಬತ್ತನ್ನು ಹೊತ್ತುಕೊಂಡು ಹುಟ್ಟುವಂತೆ ಕಟ್ಟಳೆ ಮಾಡಿಟ್ಟಿದ್ದರು.

ಗುಡಿಯ ಮನೆಯ ಹೆಣ್ಣುಮಗಳಿಗೆ ಕಟ್ಟಕಡೆಯ ಜಾಗ ಹೊಸದೇನಲ್ಲ. ಹಬ್ಬದ ದಿನ ನಮ್ಮಲ್ಲಿ ಮೊದಲ ಪಂಕ್ತಿಗೆ ಭಕ್ತರು, ಎರಡನೆಯದಕ್ಕೆ ಗುಡಿಯವರು, ಆಮೇಲೆ ಮನೆಯ ಗಂಡಸರು, ಕಡೆಗೆ ನಾವು. ನಮ್ಮ ಹೊತ್ತಿಗೆ ಗೋಧಿ ಹುಗ್ಗಿ ಎಂದೂ ಉಳಿದಿರುತ್ತಿರಲಿಲ್ಲ. ಅವ್ವ ಅನ್ನ ಸಾರು ಬಡಿಸುತ್ತ, "ಹಸದವರು ಮೊದ್ಲ ಉಣ್ಲಿ ಬಿಡು" ಎನ್ನುತ್ತಿದ್ದಳು. "ನನಗೂ ಹಸದೈತಿ" ಎಂದರೆ ಕಣ್ಣು ಬಿಡುತ್ತಿದ್ದಳು. ಆ ಸಿಟ್ಟು ನನ್ನಲ್ಲಿ ಹಾಗೇ ಕುಳಿತಿತ್ತು. ಸಂಬಳದ ಕೆಲಸಕ್ಕೆ ಹೋದರೆ ಇದು ತಪ್ಪುತ್ತದೆ ಎಂದುಕೊಂಡಿದ್ದೆ. ಅಲ್ಲಿಯೂ ಅದೇ ಆಯಿತು.

ಆದರೂ ಹತ್ತೊಂಬತ್ತಕ್ಕೆ ನಾನು ಹೆದರಲಿಲ್ಲ. ಉಳಿದ ಪರದೆಗಳ ಗುಮಾಸ್ತರು ಒಂದು ಹೆಸರು ಟೈಪು ಮಾಡಿ ಎರಡು ಮಾತಾಡುವವರು. ಅವರ ಎರಡು ಅಕ್ಷರಗಳ ನಡುವೆ ಯಂತ್ರಕ್ಕೆ ಬೇಕಾದಷ್ಟು ಬಿಡುವು. ಆ ಬಿಡುವು ಸಿಕ್ಕರೆ ನನ್ನ ಕೆಲಸ ಮಧ್ಯಾಹ್ನದೊಳಗೆ ಮುಗಿಯಬೇಕು. ಮುಗಿಯುತ್ತಿರಲಿಲ್ಲ. ಒಂದೊಂದು ಊರಿನ ಪಾಳಿ ಕೂಡಿಸಿದಾಗ ನನ್ನ ಪರದೆಯ ಮೇಲೆ ಆ ಊರಿನ ಹೆಸರು ಮೂಡುವಂತೆ ಮಾಡಿದ್ದೆ. ಬೆಳಿಗ್ಗೆ ಮುಂಡರಗಿ ಮೂಡುತ್ತಿತ್ತು. ಸಂಜೆಗೆ ಡಂಬಳದ ಹತ್ತಿರ ಬಂದು ತೆವಳುತ್ತಿತ್ತು. ಅಷ್ಟರಲ್ಲಿ ಆರು ಗಂಟೆ. ಸಾಹೇಬರು ಯಂತ್ರ ಬಂದ್ ಮಾಡುತ್ತಿದ್ದರು. ಆದಷ್ಟನ್ನು ಯಂತ್ರದಲ್ಲಿ ತೆಗೆದಿಡಲು ಜಾಗ ಕೊಡಿ ಎಂದರೆ ಜಾಗವಿಲ್ಲ ಎನ್ನುತ್ತಿದ್ದರು. ಮರುದಿನ ಮತ್ತೆ ಮುಂಡರಗಿಯಿಂದ ಶುರು. ಹೀಗೆ ದಿನಗಟ್ಟಲೆ ನಾನು ಡಂಬಳ ದಾಟಲಿಲ್ಲ. "ಪ್ರೋಗ್ರಾಮ್ ತಪ್ಪು ಬರದೀಯವಾ" ಎಂದು ಸಾಹೇಬರು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ನಾಲ್ಕೈದು ದಿನ ನಾನೂ ಹಾಗೇ ತಿಳಿದು ಬರೆದದ್ದನ್ನು ತಿರುವಿ ತಿರುವಿ ನೋಡಿದೆ.

ಕಡೆಗೆ ಯಂತ್ರವನ್ನೇ ಕೇಳಿದೆ. ಯಾವ ಪ್ರೋಗ್ರಾಮು ಎಷ್ಟು ಹೊತ್ತು ಮಿದುಳನ್ನು ಬಳಸಿಕೊಂಡಿದೆ ಎಂದು ತೋರಿಸುವ ಆಜ್ಞೆ ಅದರಲ್ಲಿತ್ತು. ಗುಮಾಸ್ತರದು ಚಿಟಿಕೆಯಷ್ಟು. ನನ್ನದು ಅದಕ್ಕಿಂತ ಸ್ವಲ್ಪ ಹೆಚ್ಚು. ಉಳಿದ ಇಡೀ ದಿನವನ್ನು ದೀಪ ತಿಂದಿತ್ತು.

ಜ್ವಾಲೆ ಒಂದು ಸಲ ಬಾಗಿ ಇನ್ನೊಂದು ಸಲ ಬಾಗುವ ನಡುವೆ ಸ್ವಲ್ಪ ತಡ ಬೇಕಲ್ಲ, ಅದಕ್ಕೆ ಸಾಹೇಬರು ಯಂತ್ರಕ್ಕೆ "ಮಲಗು, ಆಮೇಲೆ ಎಬ್ಬಿಸುತ್ತೇನೆ" ಎಂದು ಹೇಳಿರಲಿಲ್ಲ. ಹಾಗೆ ಹೇಳಬಹುದು ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಬದಲಿಗೆ, ಸುಮ್ಮನೆ ಅಂಕಿ ಎಣಿಸುತ್ತಿರು ಎಂದಿದ್ದರು. ಯಂತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ಏನಕ್ಕೂ ಬಾರದ ಅಂಕಿಗಳನ್ನು ಎಣಿಸುತ್ತ ಕೂತಿತ್ತು. ದೀಪದ ಅಂಕಿ ಸೊನ್ನೆ, ನನ್ನದು ಹತ್ತೊಂಬತ್ತು. ಅದು ಬಿಡುವು ಕೊಟ್ಟರೆ ತಾನೇ ನನಗೆ ಸಂದಿ?

ಆ ಲೆಕ್ಕದ ತಪಸೀಲನ್ನು ಪರದೆಯ ಮೇಲೆ ಹಾಗೇ ಇಟ್ಟು ಸಾಹೇಬರನ್ನು ಕರೆದೆ. ನೋಡಿದರು. ಮುಖ ಕೆಂಪಾಯಿತು.

"ಆರಸ್ರಿ ಅನ್ನಾಕ್ಹತ್ತಿಲ್ರಿ ನಾ" ಎಂದೆ. "ದೀಪಾನ ಹಿಂದ ಸರಸ್ರಿ. ಅದಕ್ಕ ಹತ್ತೊಂಬತ್ತು ಕೊಡ್ರಿ. ಜ್ವಾಲಿ ಒಂದೀಟು ಸಾವಕಾಶ ಅಲುಗಾಡತೈತಿ, ಅಷ್ಟ."

"ಅಧ್ಯಕ್ಷರು ಕೈಯಾರೆ ಹಚ್ಚಿದ ದೀಪ ಅದು. ಅವರ ದೀಪ ಹಿಂದ, ನಿನ್ನ ಚೀಟಿ ಮುಂದ? ನಾಳೆ ಅವರು ಬಂದು ಕೇಳಿದ್ರ ನೀ ಉತ್ತರಾ ಕೊಡ್ತೀಯೇನವಾ?"

"ಚೀಟೀನೂ ಅವರ ಕೇಳ್ಯಾರಲ್ರಿ."

"ಗುಡ್ಯಾಗ ಹುಟ್ಟೀದಾಕಿ, ದೀಪದ ಖಬರ ಇಲ್ಲೇನು ನಿನಗ?" ಎಂದು ಪರದೆಯ ಮೇಲಿನದನ್ನು ತಾವೇ ಅಳಿಸಿ ಹೋದರು. ಗುಮಾಸ್ತರು ತಲೆ ತಗ್ಗಿಸಿ ಟೈಪು ಮಾಡುತ್ತಿದ್ದರು. ಅಷ್ಟು ಶ್ರದ್ಧೆಯಿಂದ ಅವರು ಟೈಪು ಮಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಧ್ಯಕ್ಷರ ಬಳಿಗೇ ಹೋಗಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಅವರು ಸಂಘಕ್ಕೆ ಬರುತ್ತಿದ್ದುದೇ ಸಭೆಗಳಿಗೆ. ಮೇಲಾಗಿ ದೀಪ ನಿಜವಾಗಿಯೂ ಅವರ ಆಸೆ ಎಂದೇ ನಾನು ನಂಬಿದ್ದೆ.

ಅಂದು ಸಂಜೆ ಮನೆ ಮುಟ್ಟಿ, ಗುಡಿಯ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದ ಅಪ್ಪನಿಗೆ ಎಲ್ಲ ಹೇಳಿದೆ. ಆ ಗುಡಿಯ ನಂದಾದೀಪವನ್ನು ನೋಡಿಕೊಳ್ಳುತ್ತಿದ್ದುದು ಅವನೇ. ಅವನಿಗೆ ಕಂಪ್ಯೂಟರು ತಿಳಿಯಲಿಲ್ಲ, ದೀಪ ತಿಳಿಯಿತು.

"ನಂದಾದೀಪ ಯಾಕ ಇಡ್ತೀವಿ? ಬಂದವರಿಗೆ ದೇವರ ಮುಖಾ ಕಾಣ್ಲಿ ಅಂತ. ದೀಪ ನೋಡಾಕ ಯಾರೂ ಬರೂದಿಲ್ಲ" ಎಂದ. ಇನ್ನೊಂದು ಬತ್ತಿ ಹೊಸೆದು, "ಗಾಳಿಗೆ ಆರತೈತಿ ಒಮ್ಮೊಮ್ಮೆ. ಮತ್ತ ಹಚ್ತೀನಿ. ಊರ ಮಂದೀಗೆ ಹೇಳ್ಕೋತ ಹೋಗೂದಿಲ್ಲ" ಎಂದ. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಸಾಹೇಬರ ಕುತ್ತಿಗೆ ಹಿಸುಕುವಷ್ಟು ಸಿಟ್ಟಿತ್ತು.

ಮಹಾಸಭೆಯ ದಿನ ಬಂತು. ಸಂಘದ ಅಂಗಳದಲ್ಲಿ ಪೆಂಡಾಲು ಹಾಕಿದ್ದರು. ಹಿಂದುಗಡೆ ಒಲೆ ಹೂಡಿ ದೊಡ್ಡ ಕೊಪ್ಪರಿಗೆಯಲ್ಲಿ ಹುಗ್ಗಿ ಕುದಿಸುತ್ತಿದ್ದರು. ನಾನು ಬೆಳಿಗ್ಗೆ ಬಂದವಳೇ, ಆಗಲಿ ಬಿಡಲಿ ಎಂದು ನನ್ನ ಕೆಲಸ ಶುರುಮಾಡಿದೆ. ಮುಂಡರಗಿ ಮೂಡಿತು. ನಾಲ್ಕನೆಯ ಪರದೆಯಲ್ಲಿ ದೀಪ ತಣ್ಣಗೆ ಬಾಗುತ್ತಿತ್ತು, ಅಂದು ಅದಕ್ಕೆ ಮಲ್ಲಿಗೆ ಮಾಲೆ ಬೇರೆ.

ಸಾಹೇಬರಿಗೆ ಅಂದು ತಮ್ಮದೇ ಒಂದು ಕೆಲಸವಿತ್ತು. ಅಧ್ಯಕ್ಷರು ಸಭೆಯಲ್ಲಿ ಓದಬೇಕಾದ ವಾರ್ಷಿಕ ವರದಿಯನ್ನು ಮುದ್ರಿಸಿ ಕೊಡಬೇಕು. ತಯಾರಿಸಲು ಹಿಂದಿನ ದಿನವೆಲ್ಲ ಇತ್ತು, ಮಾಡಿರಲಿಲ್ಲ. ಈಗ ಮುದ್ರಣಕ್ಕೆ ಕೊಟ್ಟರು. ಮುದ್ರಣ ಯಂತ್ರ ಕರ್ರ್ ಎಂದು ಅರ್ಧ ಸಾಲು ಓಡಿ ನಿಂತಿತು. ಮತ್ತೆ ಅರ್ಧ ಸಾಲು. ವರದಿಯ ಅಂಕಿ ಸೊನ್ನೆ, ದೀಪದ್ದೂ ಸೊನ್ನೆ. ಯಂತ್ರ ಇಬ್ಬರಿಗೂ ಸಮವಾಗಿ ಹಂಚುತ್ತಿತ್ತು, ದೀಪದ ಸರದಿ ಬಂದಾಗಲೆಲ್ಲ ವರದಿ ನಿಂತು ಕಾಯಬೇಕಿತ್ತು. ಹೊರಗೆ ಧ್ವನಿವರ್ಧಕದಲ್ಲಿ ಸದಸ್ಯರು ಬಂದು ಕುಳಿತುಕೊಳ್ಳಬೇಕೆಂದು ಕೂಗಿ ಹೇಳುತ್ತಿದ್ದರು. ಯಾರೋ ಬಾಗಿಲಲ್ಲಿ ಇಣುಕಿ, "ವರದಿ ಎಲ್ಲೈತ್ರಿ? ಅಧ್ಯಕ್ಷರು ಜಲ್ದಿ ಕೇಳಾಕ್ಹತ್ಯಾರ" ಎಂದರು.

ಸಾಹೇಬರು ಮುದ್ರಣ ಯಂತ್ರವನ್ನು ನೋಡಿದರು. ದೀಪವನ್ನು ನೋಡಿದರು. ಆಮೇಲೆ ಕೋಣೆಯಲ್ಲಿ ಯಾರಿದ್ದಾರೆಂದು ನೋಡಿದರು. ಗುಮಾಸ್ತರೆಲ್ಲ ಪೆಂಡಾಲಿಗೆ ಹೋಗಿದ್ದರು, ನಾನೊಬ್ಬಳೇ ಇದ್ದೆ. ನಾಲ್ಕನೆಯ ಪರದೆಯ ಬಳಿ ಹೋಗಿ ಎರಡು ಗುಂಡಿ ಒತ್ತಿದರು. ಮಲ್ಲಿಗೆ ಮಾಲೆಯ ನಡುವೆ ಪರದೆ ಕಪ್ಪಾಯಿತು.

"ಅಪಶಕುನ ಆಗೂದಿಲ್ಲೇನ್ರಿ ಸಾಹೇಬ್ರ?" ಎಂದೆ.

"ಹೊತ್ತು ನೋಡಿ ಮಾತಾಡವಾ. ಯಾರ ಮುಂದೂ ಹೇಳಬ್ಯಾಡ."

ಮುದ್ರಣ ಯಂತ್ರ ತಡೆಯಿಲ್ಲದೆ ಓಡತೊಡಗಿತು. ಅವರಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಮುದ್ರಣ ಯಂತ್ರ ಎಷ್ಟು ಓಡಿದರೂ ಕಂಪ್ಯೂಟರಿನ ಮಿದುಳಿಗೆ ಅದು ಎತ್ತಿನ ಗಾಡಿ. ಒಂದು ಸಾಲು ಕೊಟ್ಟು, ಅದು ಮುಗಿಯುವ ತನಕ ಮಿದುಳು ಕಾಯಬೇಕು. ಆ ಕಾಯುವ ಹೊತ್ತೆಲ್ಲ ನನ್ನದು. ನನ್ನ ಪರದೆಯ ಮೇಲೆ ಡಂಬಳ ಮೂಡಿತು. ಸಾಹೇಬರು ವರದಿ ಎತ್ತಿಕೊಂಡು ಓಡಿದರು. ಇನ್ನು ಯಂತ್ರದಲ್ಲಿ ನನ್ನ ಕೆಲಸವೊಂದೇ. ಹತ್ತೊಂಬತ್ತಾದರೇನು, ಮುಂದೆ ಯಾರೂ ಇಲ್ಲವಲ್ಲ. ಹೊರಗೆ ಅಧ್ಯಕ್ಷರ ಭಾಷಣ ನಡೆದಿತ್ತು. ಒಳಗೆ ಶಿರಹಟ್ಟಿ ಮುಗಿಯಿತು, ಲಕ್ಷ್ಮೇಶ್ವರ ಮುಗಿಯಿತು. ಭಾಷಣ ಮುಗಿದು ಜನ ಊಟಕ್ಕೆ ಏಳುವ ಹೊತ್ತಿಗೆ ಕುರ್ತಕೋಟಿ, ನಾಗಾವಿ. ನಾನು ಊಟಕ್ಕೆ ಏಳಲಿಲ್ಲ. ಅಕ್ಷರಗಳೆಲ್ಲ ಕಟ್ಟಿ ಮುಗಿದ ಮೇಲೆ ಡಂಬಳದ ಚೀಟಿಗಳನ್ನು ಮೊದಲು ಮುದ್ರಣಕ್ಕೆ ಕೊಟ್ಟೆ. ಅಧ್ಯಕ್ಷರು ಆ ಊರಿನವರು.

ಕಾಗದದ ಮೇಲೆ ಕನ್ನಡ ಬರತೊಡಗಿದಾಗ ನಾನು ಅಳುತ್ತಿದ್ದೆ. ಸಂತೋಷಕ್ಕಲ್ಲ. ಇಷ್ಟೇ ಹೊತ್ತಿನ ಕೆಲಸಕ್ಕೆ ಇಷ್ಟು ದಿನ ನನ್ನನ್ನು ದಡ್ಡಿ ಎನಿಸಿದರಲ್ಲ ಎಂಬ ಸಿಟ್ಟಿಗೆ.

ಮೊದಲ ಪಂಕ್ತಿಯಲ್ಲಿ ಉಂಡು ಕೈತೊಳೆದ ಅಧ್ಯಕ್ಷರು, ಯಂತ್ರ ನೋಡಬೇಕೆಂದು ಆಡಳಿತ ಮಂಡಳಿಯವರ ಜೊತೆ ಬಂದರು. ವಯಸ್ಸಾದವರು, ರುಮಾಲು ಸುತ್ತಿದವರು. ಸಾಹೇಬರು ಅವರ ಹಿಂದಿನಿಂದ ನುಗ್ಗಿ ನಾಲ್ಕನೆಯ ಪರದೆಯ ಕಡೆ ಹೊರಟರು.

"ಈಗ ಹಚ್ತೀನ್ರಿ ಯಜಮಾನ್ರ, ಕರೆಂಟ ಹೆಚ್ಚುಕಡಿಮಿ ಆಗಿ ದೀಪ ಆರಿತ್ರಿ" ಎಂದರು.

"ಯಾವ ದೀಪ?" ಎಂದರು ಅಧ್ಯಕ್ಷರು.

"ತಾವು ಉದ್ಘಾಟನಿ ದಿವಸ ಹಚ್ಚಿದ್ದ ದೀಪಾರಿ. ದಿನಾ ಹಚ್ತೀನ್ರಿ. ಆರಾಕ ಬಿಟ್ಟಿಲ್ರಿ."

ಅಧ್ಯಕ್ಷರು ಆ ಕಪ್ಪು ಪರದೆಯನ್ನೂ ಮಲ್ಲಿಗೆ ಮಾಲೆಯನ್ನೂ ನೋಡಿದರು. "ಅದನ್ನ ಇನ್ನೂ ಹಚ್ಚತೀಯೇನು? ಯಾರ ಹೇಳಿದ್ರು ನಿನಗ?"

ಸಾಹೇಬರು ಮಾಲೆಯನ್ನು ಸರಿಪಡಿಸತೊಡಗಿದರು. ಯಾರೂ ಹೇಳಿರಲಿಲ್ಲ. ಇಷ್ಟು ದಿನ ನನ್ನ ಅನ್ನಕ್ಕೆ ಅಡ್ಡ ನಿಂತಿದ್ದ ಅಪ್ಪಣೆಯನ್ನು ಯಾರೂ ಕೊಟ್ಟೇ ಇರಲಿಲ್ಲ.

ನಾನು ಎದ್ದು ನಿಂತೆ. "ಕರೆಂಟ ಹೋಗಿಲ್ರಿ ಯಜಮಾನ್ರ. ವರದಿ ಜಲ್ದಿ ಬರ್ಲಿ ಅಂತ ಸಾಹೇಬ್ರ ಆರಿಸ್ಯಾರ. ಅದು ಆರಿದ ಮ್ಯಾಲೆ ನಿಮ್ಮ ಚೀಟೀನೂ ಬಂತು" ಎಂದು ಅವರ ಚೀಟಿಯನ್ನು ಹರಿದು ಕೈಗೆ ಕೊಟ್ಟೆ.

ಅವರು ಕಾಗದವನ್ನು ದೂರ ಹಿಡಿದು ತಮ್ಮ ಹೆಸರನ್ನು ಗಟ್ಟಿಯಾಗಿ ಓದಿದರು. ಊರು ಓದಿದರು. "ಸೋಮವಾರ, ಎರಡನೇ ಗೋದಾಮು" ಎಂದು ಓದಿ, ಪಕ್ಕದವರಿಗೆ ತೋರಿಸಿದರು. "ಹೋದ ಸುಗ್ಗಿಗೆ ನಮ್ಮ ಚಕ್ಕಡೀನೂ ತಪ್ಪು ದಿವಸ ಬಂದು ನಿಂತಿದ್ವು. ನನ್ನ ಮಗಾ ಓದಿ ಹೇಳಿದ್ದ, ಅವನೂ ತಪ್ಪು ಓದಿದ್ದ" ಎಂದರು. ಆಮೇಲೆ ಸಾಹೇಬರ ಕಡೆ ತಿರುಗದೆ ಕಾರ್ಯದರ್ಶಿಗೆ ಹೇಳಿದರು: "ಈ ತಂಗೀನ ಕಾಯಂ ಮಾಡ್ರಿ. ಬ್ಯಾರೆ ಯಾರನ್ನೂ ಹುಡುಕಬ್ಯಾಡ್ರಿ."

ಅವರೆಲ್ಲ ಹೋದ ಮೇಲೆ ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಸಾಹೇಬರು ಮಾಲೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು.

"ನಾಳಿಂದ ನಿಮಗ ಸೊನ್ನಿ ಕೊಡ್ತೀನಿ ಬಾಯಾರ" ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ಬಾಯಾರ ಎಂದು ಮರ್ಯಾದೆ ಕೊಟ್ಟು ಕರೆದಿರಲಿಲ್ಲ.

"ದೊಡ್ಡ ಕೆಲಸಕ್ಕ ಹತ್ತೊಂಬತ್ತ ಇರ್ಲಿರಿ. ಅದಕ್ಕ ನಂದೇನೂ ತಕರಾರಿಲ್ಲ. ದೀಪ ಮಾತ್ರ ಹಚ್ಚಬ್ಯಾಡ್ರಿ" ಎಂದೆ.

ಹೊರಗಿನಿಂದ ಬಡಿಸುವವರು ಕೂಗಿದರು, ಇದು ಕಡೆಯ ಪಂಕ್ತಿ, ಉಳಿದವರು ಬಂದುಬಿಡಿ ಎಂದು. ಇಬ್ಬರೂ ಹೋದೆವು. ಸಾಲು ತುಂಬಿತ್ತು. ಸಾಲಿನ ತುದಿಯಲ್ಲಿ ಒಂದೇ ಪತ್ರಾವಳಿ ಹಾಸಿತ್ತು. ಬಡಿಸುವವನು ಕೊಪ್ಪರಿಗೆಯ ತಳ ಕೆರೆದು ಕಡೆಯ ಹುಗ್ಗಿಯನ್ನು ಬಕೆಟ್ಟಿಗೆ ತುಂಬಿಕೊಂಡು ಆ ತುದಿಯ ಕಡೆಗೇ ಬರುತ್ತಿದ್ದ. ಸಾಹೇಬರು ನನ್ನನ್ನು ನೋಡಿದರು. ನಮ್ಮ ಕಡೆ ಇಂಥಲ್ಲಿ ಹೆಣ್ಣುಮಕ್ಕಳು ಹೇಳಬೇಕಾದ ಮಾತೊಂದಿರುತ್ತದೆ, "ಕುಂಡ್ರಿ, ನಂದು ಆಮ್ಯಾಲೆ ಆಗತೈತಿ" ಎಂದು. ಅವ್ವ ಜೀವಮಾನವಿಡೀ ಹೇಳಿದ ಮಾತು. ಅವರು ಅದಕ್ಕಾಗಿಯೇ ಕಾಯುತ್ತಿದ್ದರು.

ನಾನು ಸೆರಗು ಸಿಕ್ಕಿಸಿಕೊಂಡು ಕುಳಿತೆ, ಪತ್ರಾವಳಿಯನ್ನು ಮುಂದಕ್ಕೆ ಎಳೆದುಕೊಂಡೆ, ಹುಗ್ಗಿ ಹಾಕಿಸಿಕೊಂಡೆ. ಸಾಹೇಬರು ಮಾಲೆ ಹಿಡಿದುಕೊಂಡು ನಿಂತೇ ಇದ್ದರು. ನಾನು ತಲೆ ಎತ್ತಲಿಲ್ಲ, ಇನ್ನೊಂದು ಸೌಟು ಹಾಕು ಎಂದು ಬಡಿಸುವವನಿಗೆ ಹೇಳಿದೆ.